ಉತ್ತರ ಗೊತ್ತಿಲ್ಲದ ಆರು ವಾರ

ಒಂದು ಹೇಳಿಕೆ ನೋಡಿ. "ಎರಡು ಸಂಖ್ಯೆಗಳ ಗುಣಲಬ್ಧ 6ರಿಂದ ಭಾಗವಾದರೆ, ಆ ಎರಡರಲ್ಲಿ ಒಂದಾದರೂ 6ರಿಂದ ಭಾಗವಾಗಲೇಬೇಕು." ಸರಿಯೋ, ತಪ್ಪೋ?

ತಪ್ಪು. 2 ಮತ್ತು 3 ತಗೊಳ್ಳಿ. ಗುಣಿಸಿದರೆ 6 ಬರುತ್ತದೆ, ಆದರೆ 2 ಆಗಲಿ 3 ಆಗಲಿ 6ರಿಂದ ಭಾಗವಾಗುವುದಿಲ್ಲ. ಶಾಲೆಯ ಪರೀಕ್ಷೆಯಲ್ಲಾದರೆ ಇಲ್ಲಿಗೆ ಕತೆ ಮುಗಿಯಿತು. ಅಂಕ ಬಂತು, ಮುಂದಿನ ಪ್ರಶ್ನೆ.

ಅಮೆರಿಕದ ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ 1989ರಿಂದ ಪ್ರತಿ ಬೇಸಿಗೆಯಲ್ಲೂ ಪ್ರಾಮಿಸ್ ಅನ್ನುವ ಗಣಿತ ಶಿಬಿರ ನಡೆಯುತ್ತದೆ. ಹೈಸ್ಕೂಲ್ ಮಕ್ಕಳು ಆರು ವಾರ ಅಲ್ಲೇ ಹಾಸ್ಟೆಲ್‌ನಲ್ಲಿದ್ದು ಗಣಿತ ಮಾಡುತ್ತಾರೆ. ಅಲ್ಲಿ ಇಂಥ ಪ್ರಶ್ನೆಯ ಪಕ್ಕದಲ್ಲಿ ಒಂದು ಸೂಚನೆ ಇರುತ್ತದೆ. ಸಾಧಿಸಿ, ಇಲ್ಲವೇ ತಪ್ಪೆಂದು ತೋರಿಸಿ, ತಪ್ಪಾಗಿದ್ದರೆ ಉಳಿಸಿಕೊಳ್ಳಲು ಆಗುತ್ತದಾ ನೋಡಿ. ಇದರ ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಜೋಡಿಸಿ ಮಕ್ಕಳು ಇದನ್ನು "ಪೊಡಾಸಿಪ್" ಅನ್ನುತ್ತಾರೆ. ಮೊದಲೆರಡು ಭಾಗ ಎಲ್ಲರಿಗೂ ಗೊತ್ತು. ಮಜಾ ಇರುವುದು ಮೂರನೆಯದರಲ್ಲಿ.

6ರ ಜಾಗದಲ್ಲಿ 4 ಇಟ್ಟರೆ? 2×2, ಕೆಟ್ಟಿತು. 9 ಇಟ್ಟರೆ? 3×3, ಅದೂ ಕೆಟ್ಟಿತು. 5 ಇಟ್ಟರೆ? ಎಷ್ಟು ತಡಕಾಡಿದರೂ ಕೆಡಿಸುವ ಜೋಡಿ ಸಿಗುವುದಿಲ್ಲ. 7ಕ್ಕೂ ಹಾಗೇ, 11ಕ್ಕೂ ಹಾಗೇ. ಸರಿ, ಅವಿಭಾಜ್ಯ ಸಂಖ್ಯೆಯಾದರೆ ಹೇಳಿಕೆ ನಿಲ್ಲುತ್ತದೆ ಅಂತ ಊಹೆ ಹುಟ್ಟುತ್ತದೆ. ಮುಂದಿನ ಪ್ರಶ್ನೆ: ಯಾಕೆ ನಿಲ್ಲುತ್ತದೆ?

"ಅವಿಭಾಜ್ಯ ಸಂಖ್ಯೆಯನ್ನು ಒಡೆಯಲು ಆಗುವುದಿಲ್ಲವಲ್ಲ, ಅದಕ್ಕೇ" ಅಂತ ಹೆಚ್ಚಿನವರು ಹೇಳುತ್ತಾರೆ. ಕೇಳಲು ಸರಿಯಾಗೇ ಇದೆ. ಆದರೆ ಪ್ರತಿ ಸಂಖ್ಯೆಯೂ ಒಂದೇ ಒಂದು ರೀತಿಯಲ್ಲಿ ಮಾತ್ರ ಅವಿಭಾಜ್ಯಗಳಾಗಿ ಒಡೆಯುತ್ತದೆ ಅನ್ನುವ ನಂಬಿಕೆ ಅದರೊಳಗೆ ಅಡಗಿ ಕೂತಿದೆ. ಆ ನಂಬಿಕೆಯನ್ನು ಸಾಧಿಸಲು ಹೊರಟರೆ, ಈಗ ನಾವು ಸಾಧಿಸಬೇಕಾದ ಮಾತೇ ಬೇಕಾಗುತ್ತದೆ. ಸುತ್ತಿ ಸುತ್ತಿ ಮತ್ತೆ ಅಲ್ಲಿಗೇ ಬಂದೆವು ಅಲ್ವಾ?

ಹೊರಗೆ ಬರಲು ಒಂದು ದಾರಿ ಇದೆ. 7 ಅವಿಭಾಜ್ಯ. ನಮ್ಮ ಎರಡು ಸಂಖ್ಯೆಗಳು a, b ಆಗಿರಲಿ. ಅವುಗಳ ಗುಣಲಬ್ಧ 7ರಿಂದ ಭಾಗವಾಗುತ್ತದೆ, ಆದರೆ a ಭಾಗವಾಗುವುದಿಲ್ಲ ಅಂತಿಟ್ಟುಕೊಳ್ಳಿ. ಆಗ 7ಕ್ಕೂ aಗೂ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲ. ಹಾಗಿದ್ದಾಗ 7ರ ಒಂದು ಗುಣಕವನ್ನೂ aಯ ಒಂದು ಗುಣಕವನ್ನೂ ಕೂಡಿಸಿ ಅಥವಾ ಕಳೆದು ಸರಿಯಾಗಿ 1 ತರಬಹುದು. ಯೂಕ್ಲಿಡ್‌ನ ಹಳೇ ಭಾಗಾಕಾರದ ವಿಧಾನ ಇದನ್ನು ಮಾಡಿ ತೋರಿಸುತ್ತದೆ. ಉದಾಹರಣೆಗೆ a ಅಂದರೆ 10 ಆಗಿದ್ದರೆ, 7×3 − 10×2 = 1. ಈಗ ಈ ಸಮೀಕರಣವನ್ನು ಪೂರ್ತಿಯಾಗಿ bಯಿಂದ ಗುಣಿಸಿ. ಬಲಗಡೆ b ಬಂತು. ಎಡಗಡೆಯ ಮೊದಲ ಪದದಲ್ಲಿ 7 ಇದೆ. ಎರಡನೆಯದರಲ್ಲಿ a×b ಇದೆ, ಅದು 7ರಿಂದ ಭಾಗವಾಗುತ್ತದೆ ಅಂತ ಮೊದಲೇ ಒಪ್ಪಿಕೊಂಡಿದ್ದೇವೆ. ಎರಡೂ ಪದ 7ರಿಂದ ಭಾಗವಾದರೆ bಯೂ ಭಾಗವಾಗಲೇಬೇಕು. ಮುಗಿಯಿತು.

ಇಲ್ಲಿ ನಾನು ಇದನ್ನು ಒಂದು ಪ್ಯಾರಾದಲ್ಲಿ ಹೇಳಿಬಿಟ್ಟೆ. ಅಲ್ಲಿ ಯಾರೂ ಮೊದಲೇ ಹೇಳಿಕೊಡುವುದಿಲ್ಲ. ಮಕ್ಕಳೇ ಕಂಡುಕೊಳ್ಳಬೇಕು. ಅದಕ್ಕೆ ದಿನಗಳೇ ಹಿಡಿಯಬಹುದು. ಇಂಥ ಶಿಬಿರಗಳ ಗುಟ್ಟು ಇರುವುದು ಇಲ್ಲಿ. "ಜಾಣ ಮಕ್ಕಳಿಗೆ ಮುಂದಿನ ಕ್ಲಾಸಿನ ಪಾಠವನ್ನು ಮೊದಲೇ ಹೇಳಿಕೊಡುವ ಜಾಗ" ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಒಳ್ಳೆಯ ಶಿಬಿರ ಮಾಡುವುದು ಸುಮಾರಾಗಿ ಅದರ ಉಲ್ಟಾ. ಎಲ್ಲರಿಗೂ ಗೊತ್ತಿರುವ ಪೂರ್ಣಾಂಕಗಳನ್ನೇ ಮತ್ತೆ ಕೈಗೆ ಕೊಟ್ಟು, ನಿಮಗೆ ಇದು ನಿಜವಾಗಿ ಗೊತ್ತಿದೆಯಾ ಅಂತ ಕೇಳುತ್ತದೆ.

ಈ ಪದ್ಧತಿ ಶುರು ಮಾಡಿದವರು ಆರ್ನಾಲ್ಡ್ ರಾಸ್. ಹುಟ್ಟಿದ್ದು ಶಿಕಾಗೋದಲ್ಲಿ, 1906ರಲ್ಲಿ. ಬೆಳೆದದ್ದು ಒಡೆಸ್ಸಾದಲ್ಲಿ. 1957ರ ಬೇಸಿಗೆಯಲ್ಲಿ ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಹೈಸ್ಕೂಲ್ ಮಕ್ಕಳಿಗಾಗಿ ಇವರು ಶಿಬಿರ ಆರಂಭಿಸಿದರು. ಆಮೇಲೆ ಅದು ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಯಿತು. ವಯಸ್ಸು 90 ದಾಟಿದ ಮೇಲೂ ಅವರೇ ನಡೆಸುತ್ತಿದ್ದರು. ಸರಳ ವಿಷಯಗಳನ್ನು ಆಳವಾಗಿ ಯೋಚಿಸಿ ಅನ್ನುವುದು ಶಿಬಿರದ ಧ್ಯೇಯವಾಕ್ಯ. ಪ್ರಾಮಿಸ್ ಹುಟ್ಟಿದ್ದೂ ರಾಸ್ ಶಿಬಿರದಲ್ಲಿ ಕಲಿತವರ ಕೈಯಲ್ಲೇ. ಅದರ ರೆಂಬೆಗಳು ಈಗ ಆಕ್ಸ್‌ಫರ್ಡ್‌ನಲ್ಲೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಇವೆ.

ಇಸವಿ ಗಮನಿಸಿದಿರಾ? 1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿತು. ನಮ್ಮ ಮಕ್ಕಳು ವಿಜ್ಞಾನದಲ್ಲಿ ಹಿಂದೆ ಬಿದ್ದರು ಅಂತ ಅಮೆರಿಕಕ್ಕೆ ದಿಗಿಲಾಯಿತು. ರಾಸ್ ಅದಕ್ಕೂ ಕೆಲವು ತಿಂಗಳು ಮೊದಲೇ ಶುರು ಮಾಡಿದ್ದರು ನಿಜ. ಆದರೆ ಅವರ ಬೆನ್ನಿಗೇ ಬಂದ ಶಿಬಿರಗಳಿಗೆ ಆ ದಿಗಿಲೇ ಗೊಬ್ಬರ. ಆ ಕಡೆಯವರೂ ಸುಮ್ನೆ ಕೂತಿರಲಿಲ್ಲ. ಸೈಬೀರಿಯಾದ ನೊವೊಸಿಬಿರ್ಸ್ಕ್ ಹತ್ತಿರದ ವಿಜ್ಞಾನ ನಗರಿಯಲ್ಲಿ 1962ರಿಂದ ಗಣಿತ, ಭೌತಶಾಸ್ತ್ರದ ಒಲಿಂಪಿಯಾಡ್ ಸ್ಪರ್ಧೆಯಲ್ಲಿ ಗೆದ್ದ ಮಕ್ಕಳಿಗೆ ಬೇಸಿಗೆ ಶಾಲೆ ನಡೆಸಿದರು. ಮುಂದಿನ ವರ್ಷ ಅಲ್ಲೂ ಮಾಸ್ಕೋದಲ್ಲೂ ಗಣಿತ, ಭೌತಶಾಸ್ತ್ರಕ್ಕೇ ಮೀಸಲಾದ ವಸತಿ ಶಾಲೆಗಳು ಶುರುವಾದವು. ಮಾಸ್ಕೋದ ಶಾಲೆಯ ಹಿಂದಿದ್ದವರು ಕೋಲ್ಮೊಗೊರೊವ್. 20ನೇ ಶತಮಾನದ ದೊಡ್ಡ ಗಣಿತಜ್ಞರಲ್ಲಿ ಒಬ್ಬರಾದ ಅವರು ಅಲ್ಲಿ ಸ್ವತಃ ಹುಡುಗರಿಗೆ ಪಾಠ ಮಾಡುತ್ತಿದ್ದರು.

ಈಗ ರಾಸ್, ಪ್ರಾಮಿಸ್‌ನಂಥ ಶಿಬಿರದ ಒಂದು ದಿನದ ಒಳಗೆ ಹೋಗೋಣ. ಬೆಳಗ್ಗೆ ಒಂದು ಉಪನ್ಯಾಸ. ಕೈಗೆ ಅವತ್ತಿನ ಲೆಕ್ಕದ ಹಾಳೆ. ಅದರಲ್ಲಿ ಮೊದಲು ಸುಮ್ಮನೆ ಸಂಖ್ಯೆಗಳ ಜೊತೆ ಆಡುವ ಲೆಕ್ಕಗಳು. 3ರ ಘಾತಗಳನ್ನು 7ರಿಂದ ಭಾಗಿಸಿ ಶೇಷ ಬರೆಯಿರಿ: 3, 2, 6, 4, 5, 1. ಈಗ 2ರ ಘಾತಗಳು: 2, 4, 1, ಮತ್ತೆ 2, 4, 1. ಏನಾದರೂ ಕಾಣಿಸುತ್ತಿದೆಯಾ? ಎರಡರಲ್ಲೂ ಆರನೇ ಜಾಗದಲ್ಲಿ 1 ಇದೆ. 7ರ ಬದಲು 11 ತಗೊಂಡರೆ ಹತ್ತನೇ ಜಾಗದಲ್ಲಿ 1 ಬರುತ್ತದೆ. ಹೀಗೆ ನೋಡುತ್ತಾ ನೋಡುತ್ತಾ ಮಗು ಒಂದು ಊಹೆ ಬರೆಯುತ್ತದೆ. ಅದು 17ನೇ ಶತಮಾನದ ಗಣಿತಜ್ಞ ಫರ್ಮಾನ ಪ್ರಮೇಯ ಅಂತ ಅದಕ್ಕೆ ಗೊತ್ತಿರಬೇಕಾಗಿಲ್ಲ. ಗೊತ್ತಿಲ್ಲದಿದ್ದರೇ ಒಳ್ಳೆಯದು.

ಇಲ್ಲೊಂದು ಜಾಣ ಏರ್ಪಾಡಿದೆ. ಉಪನ್ಯಾಸ ಬೇಕಂತಲೇ ಲೆಕ್ಕದ ಹಾಳೆಗಿಂತ ಕೆಲವು ದಿನ ಹಿಂದೆ ಇರುತ್ತದೆ. ಅಂದರೆ ಒಂದು ವಿಷಯವನ್ನು ಮೇಷ್ಟ್ರು ಬೋರ್ಡ್ ಮೇಲೆ ಬರೆಯುವ ಹೊತ್ತಿಗೆ ಮಕ್ಕಳು ಅದರ ಜೊತೆ ಕುಸ್ತಿ ಮಾಡಿ ಆಗಿರುತ್ತದೆ. ಶಾಲೆಯಲ್ಲಿ ಮೊದಲು ಸೂತ್ರ, ಆಮೇಲೆ ಅಭ್ಯಾಸ. ಇಲ್ಲಿ ಮೊದಲು ಪರದಾಟ, ಆಮೇಲೆ ಸೂತ್ರ. ಪಾಠದ ವಿಷಯ ಏನು ಅನ್ನುವುದಕ್ಕಿಂತ ಈ ಕ್ರಮವೇ ಮುಖ್ಯ ಅಂತ ನನಗನ್ನಿಸುತ್ತದೆ.

ಸಂಜೆಯಿಂದ ರಾತ್ರಿಯವರೆಗೆ ಕೆಲಸವೆಲ್ಲ ಹಾಸ್ಟೆಲ್‌ನಲ್ಲಿ. ಅಲ್ಲಿ ಮಕ್ಕಳ ಜೊತೆ ಕೌನ್ಸೆಲರ್‌ಗಳೂ ಇರುತ್ತಾರೆ. ಇವರು ಮನಸ್ಸಿಗೆ ಸಮಾಧಾನ ಹೇಳುವವರಲ್ಲ, ಕಾಲೇಜು ವಿದ್ಯಾರ್ಥಿಗಳು. ಎಷ್ಟೋ ಜನ ಹಿಂದೆ ಇದೇ ಶಿಬಿರದಲ್ಲಿ ಕಲಿತವರೇ. ದಿನಾ ಮಕ್ಕಳು ಬರೆದದ್ದನ್ನು ಓದಿ, ಅಂಚಿನಲ್ಲಿ "ಯಾಕೆ?" ಅಂತ ಗೀಚಿ ವಾಪಸ್ ಕೊಡುತ್ತಾರೆ. ಅಂಕ ಇಲ್ಲ, ರ‍್ಯಾಂಕ್ ಇಲ್ಲ. ಹಾಗಾಗಿ ಪಕ್ಕದವನಿಂದ ಉತ್ತರ ಮುಚ್ಚಿಡುವ ಅಗತ್ಯವೂ ಇಲ್ಲ. ಶಿಬಿರ ವಸತಿ ಶಿಬಿರವೇ ಆಗಿರಬೇಕು ಅನ್ನುವುದು ಇದಕ್ಕೇ. ಹನ್ನೊಂದು ಗಂಟೆಗೆ ಹಲ್ಲುಜ್ಜುವಾಗ ಹೊಳೆದದ್ದನ್ನು ಹೇಳಲು ಪಕ್ಕದ ರೂಮಿನಲ್ಲಿ ಯಾರಾದರೂ ಎದ್ದಿರಬೇಕು. ಆನ್‌ಲೈನ್ ತರಗತಿಯಲ್ಲಿ ಪಾಠ ಸಿಗುತ್ತದೆ, ಪಕ್ಕದ ರೂಮು ಸಿಗುವುದಿಲ್ಲ.

ಎಲ್ಲ ಶಿಬಿರವೂ ಇಷ್ಟು ಬಿಗಿ ಅಲ್ಲ. 1993ರಲ್ಲಿ ಶುರುವಾದ ಕೆನಡಾ-ಯುಎಸ್‌ಎ ಮ್ಯಾಥ್‌ಕ್ಯಾಂಪ್‌ನಲ್ಲಿ ಐದು ವಾರ ಯಾವ ತರಗತಿಯೂ ಕಡ್ಡಾಯವಿಲ್ಲ. ಹತ್ತಾರು ಕೋರ್ಸ್ ಇರುತ್ತವೆ. ಬೇಕಾದದ್ದಕ್ಕೆ ಹೋಗಬಹುದು, ಬೇಡವಾದರೆ ಮರದ ಕೆಳಗೆ ಕೂತು ಒಂದೇ ಲೆಕ್ಕ ಮಾಡಬಹುದು. ಮ್ಯಾಸಚೂಸೆಟ್ಸ್‌ನ ಹ್ಯಾಂಪ್‌ಶೈರ್ ಕಾಲೇಜಿನಲ್ಲಿ ಡೇವಿಡ್ ಕೆಲ್ಲಿ 1971ರಲ್ಲಿ ಆರಂಭಿಸಿದ ಶಿಬಿರಕ್ಕೆ 17 ಅನ್ನುವ ಸಂಖ್ಯೆಯ ಮೇಲೆ ವಿಪರೀತ ಪ್ರೀತಿ. ಅಲ್ಲಿ ಹಳದಿ ಹಂದಿಯೇ ಲಾಂಛನ, ಜುಲೈ 17 ಹಳದಿ ಹಂದಿಗಳ ಹಬ್ಬ. ಯಾಕೆ ಅಂತ ಕೇಳಬೇಡಿ. ಹದಿನಾರು ವರ್ಷದವರು ಎಷ್ಟೋ ಜನ ವಾರಗಟ್ಟಲೆ ಒಟ್ಟಿಗಿದ್ದರೆ ಇಂಥದ್ದು ಹುಟ್ಟಿಕೊಳ್ಳುತ್ತದೆ.

ವಿಜ್ಞಾನದ ಶಿಬಿರಗಳ ದಾರಿ ಸ್ವಲ್ಪ ಬೇರೆ. ಪೆನ್ನು ಕಾಗದ ಸಾಲುವುದಿಲ್ಲ, ಉಪಕರಣ ಬೇಕು. ನನಗೆ ಇವುಗಳಲ್ಲಿ ತುಂಬ ಇಷ್ಟವಾದದ್ದು ಸಮ್ಮರ್ ಸೈನ್ಸ್ ಪ್ರೋಗ್ರಾಂ. ಕ್ಯಾಲಿಫೋರ್ನಿಯಾದ ಓಹಾಯ್ ಊರಿನ ಥ್ಯಾಚರ್ ಶಾಲೆಯಲ್ಲಿ 1959ರಲ್ಲಿ ಶುರುವಾಯಿತು. ಈಗ ಜೀವರಸಾಯನಶಾಸ್ತ್ರದ ವಿಭಾಗವೂ ಸೇರಿದೆ. ಆದರೆ ಮೂಲ ಕೆಲಸ ಒಂದೇ: ಮೂವರ ತಂಡ ಮಾಡಿಕೊಂಡು ಒಂದು ಕ್ಷುದ್ರಗ್ರಹದ ಕಕ್ಷೆ ಕಂಡುಹಿಡಿಯಿರಿ.

ಇದರಲ್ಲಿ ಕಷ್ಟ ಏನು ಅಂತ ಅರ್ಥವಾಗಲು 1801ಕ್ಕೆ ಹೋಗಬೇಕು. ಆ ವರ್ಷದ ಜನವರಿ 1ರ ರಾತ್ರಿ ಇಟಲಿಯ ಸಿಸಿಲಿ ದ್ವೀಪದ ಪಲೆರ್ಮೊದಲ್ಲಿ ಪಿಯಾಜ್ಜಿ ಅನ್ನುವ ಖಗೋಳಜ್ಞರು ಒಂದು ಹೊಸ ಚುಕ್ಕೆ ಕಂಡರು. ಅದೇ ಸೀರಿಸ್, ಮೊಟ್ಟಮೊದಲು ಸಿಕ್ಕ ಕ್ಷುದ್ರಗ್ರಹ. ಫೆಬ್ರವರಿ 11ರವರೆಗೆ ಆಗಾಗ ಅದರ ಜಾಗ ಗುರುತಿಸಿಕೊಂಡರು. ಆಮೇಲೆ ಅದು ಸೂರ್ಯನ ಬೆಳಕಿನಲ್ಲಿ ಮರೆಯಾಯಿತು. ತಿಂಗಳುಗಳ ನಂತರ ಆಕಾಶದಲ್ಲಿ ಎಲ್ಲಿ ಹುಡುಕಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ. 24 ವರ್ಷದ ಜರ್ಮನ್ ಗಣಿತಜ್ಞ ಗೌಸ್ ಲೆಕ್ಕ ಹಾಕಿ, ಇಂಥ ಕಡೆ ನೋಡಿ ಅಂದರು. ಡಿಸೆಂಬರ್‌ನಲ್ಲಿ ಅದರ ಹತ್ತಿರವೇ ಸಿಕ್ಕಿತು.

ತೊಡಕು ಎಲ್ಲಿದೆ ಅಂದರೆ, ದೂರದರ್ಶಕ ನಮಗೆ ದಿಕ್ಕನ್ನಷ್ಟೇ ತೋರಿಸುತ್ತದೆ. ದೂರ ತೋರಿಸುವುದಿಲ್ಲ. ಚುಕ್ಕೆ ಹತ್ತಿರದ ಚಿಕ್ಕ ಕಲ್ಲೋ ದೂರದ ದೊಡ್ಡ ಬಂಡೆಯೋ, ನೋಡಲು ಎರಡೂ ಒಂದೇ. ಸಾಲದ್ದಕ್ಕೆ ನಾವು ನಿಂತಿರುವ ಭೂಮಿಯೇ ಓಡುತ್ತಿದೆ. ಒಂದು ಕಕ್ಷೆಯನ್ನು ಪೂರ್ತಿ ಹೇಳಲು ಆರು ಸಂಖ್ಯೆ ಬೇಕು. ಎಷ್ಟು ದೊಡ್ಡದು, ಎಷ್ಟು ಉದ್ದುದ್ದ, ಎಷ್ಟು ಓರೆ, ಯಾವ ಕಡೆ ತಿರುಗಿದೆ ಅನ್ನುವುದಕ್ಕೆ ಎರಡು, ಮತ್ತೆ ಕಲ್ಲು ಈಗ ಕಕ್ಷೆಯಲ್ಲಿ ಎಲ್ಲಿದೆ ಅನ್ನುವುದಕ್ಕೆ ಒಂದು. ಪ್ರತಿ ಸಲ ಆಕಾಶ ನೋಡಿದಾಗ ದಿಕ್ಕಿನ ಎರಡು ಸಂಖ್ಯೆ ಸಿಗುತ್ತವೆ. ಹಾಗಾದರೆ ಮೂರು ರಾತ್ರಿಯ ನೋಟಕ್ಕೆ ಆರು. ಕಾಗದದ ಮೇಲೆ ತಾಳೆಯಾಯಿತು. ಆದರೆ ದೂರ ಗೊತ್ತಿಲ್ಲದೆ ಲೆಕ್ಕ ಮುಂದೆ ಹೋಗುವುದಿಲ್ಲ, ಲೆಕ್ಕ ಮುಗಿಯದೆ ದೂರ ಗೊತ್ತಾಗುವುದಿಲ್ಲ. ಗೌಸ್ ವಿಧಾನದಲ್ಲಿ ಮೊದಲು ಒಂದು ದೂರ ಊಹಿಸಿ ಶುರು ಮಾಡುತ್ತಾರೆ. ಬಂದ ಉತ್ತರ ಇನ್ನೊಂದು, ಮೊದಲಿಗಿಂತ ಒಳ್ಳೆಯ ದೂರ ಕೊಡುತ್ತದೆ. ಅದನ್ನು ಹಾಕಿ ಮತ್ತೆ ಮಾಡಿ. ಅಂಕಿಗಳು ಬದಲಾಗುವುದು ನಿಲ್ಲುವವರೆಗೂ ಸುತ್ತಬೇಕು.

ಶಿಬಿರದ ಮಕ್ಕಳು ರಾತ್ರಿ ಫೋಟೋ ತೆಗೆದು, ನಕ್ಷತ್ರಗಳ ನಡುವೆ ಜಾಗ ಬದಲಿಸಿದ ಚುಕ್ಕೆ ಹುಡುಕಿ, ಅದರ ಸ್ಥಾನ ಅಳೆದು, ಈ ಸುತ್ತುಗಳನ್ನು ಮಾಡುವ ಪ್ರೋಗ್ರಾಂ ತಾವೇ ಬರೆಯುತ್ತಾರೆ. ಮೋಡ ಬಂದ ರಾತ್ರಿ ದಂಡ. ಪ್ರೋಗ್ರಾಂನಲ್ಲಿ ಒಂದು ಕೋನವನ್ನು ಡಿಗ್ರಿಯ ಬದಲು ರೇಡಿಯನ್ ಅಂದುಕೊಂಡರೆ ಕಲ್ಲು ಸೌರವ್ಯೂಹದ ಆಚೆ ಎಲ್ಲೋ ಹಾರಿಹೋಗುತ್ತದೆ. ಕೊನೆಗೆ ಅವರ ಅಳತೆಗಳು ಮೈನರ್ ಪ್ಲಾನೆಟ್ ಸೆಂಟರ್‌ಗೆ ಹೋಗುತ್ತವೆ. ಜಗತ್ತಿನ ಕ್ಷುದ್ರಗ್ರಹಗಳ ಲೆಕ್ಕವನ್ನೆಲ್ಲ ಇಡುವುದು ಅದೇ. ಅಂದರೆ ಇದು ಆಟದ ಪ್ರಯೋಗ ಅಲ್ಲ, ನಿಜವಾದ ಕಲ್ಲಿನ ನಿಜವಾದ ಜಾಗ. 1969ರಲ್ಲಿ ಇಲ್ಲಿ ಕಲಿತ ಫ್ರಾಂಕ್ಲಿನ್ ಆಂಟೋನಿಯೋ ಮುಂದೆ ಮೊಬೈಲ್ ಚಿಪ್‌ಗಳ ಕ್ವಾಲ್‌ಕಾಮ್ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದರು. 2022ರಲ್ಲಿ ತೀರಿಕೊಂಡಾಗ ಈ ಶಿಬಿರಕ್ಕೆ ಬಿಟ್ಟುಹೋದದ್ದು ಸುಮಾರು 20 ಕೋಟಿ ಡಾಲರ್. ಒಂದು ಬೇಸಿಗೆಯ ಋಣಕ್ಕೆ!

ಮೂರನೇ ಬಗೆ ಸಂಶೋಧನೆಯದ್ದು. ರಿಸರ್ಚ್ ಸೈನ್ಸ್ ಇನ್‌ಸ್ಟಿಟ್ಯೂಟ್, ಅಂದರೆ ಆರ್‌ಎಸ್‌ಐ, 1984ರಲ್ಲಿ ಶುರುವಾಯಿತು. ಅದನ್ನು ನಡೆಸುವ ಸಂಸ್ಥೆ ಕಟ್ಟಿದವರಲ್ಲಿ ಒಬ್ಬರು ಅಡ್ಮಿರಲ್ ಹೈಮನ್ ರಿಕೋವರ್, ಅಮೆರಿಕದ ಅಣುಶಕ್ತಿ ಜಲಾಂತರ್ಗಾಮಿಗಳ ಹಿಂದಿದ್ದ ಮನುಷ್ಯ. ಈ ಶಿಬಿರ ಈಗ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ನಡೆಯುತ್ತದೆ. ಮೊದಲ ವಾರ ತರಗತಿ, ಆಮೇಲೆ ಪ್ರತಿಯೊಬ್ಬರೂ ಒಬ್ಬ ಮಾರ್ಗದರ್ಶಕರ ಹತ್ತಿರ ಹೋಗಿ ಕೆಲಸ. ಕೊನೆಗೆ ಪ್ರಬಂಧ ಬರೆದು ಎಲ್ಲರ ಮುಂದೆ ಮಂಡಿಸಬೇಕು. ಊಟ, ವಸತಿ, ಕಲಿಕೆ ಎಲ್ಲ ಉಚಿತ. ಅದಕ್ಕೇ ಸೀಟು ಸಿಗುವುದು ಬಹಳ ಕಷ್ಟ. ಒಂದು ಮಾತು ಹೇಳಲೇಬೇಕು. ಐದು ವಾರದಲ್ಲಿ ಹೊಸ ಸಂಶೋಧನೆ ಆಗಬೇಕಾದರೆ ಪ್ರಶ್ನೆಯನ್ನು ಮಾರ್ಗದರ್ಶಕರು ಮೊದಲೇ ಕತ್ತರಿಸಿ ಸಿದ್ಧ ಮಾಡಿಟ್ಟಿರಬೇಕಾಗುತ್ತದೆ. ಹುಡುಗಿಯೊಬ್ಬಳು ಪ್ರಬಂಧ ಬರೆದಳು ಅಂದಾಗ ಆ ಅರ್ಧ ಕೆಲಸ ಕಣ್ಣಿಗೆ ಬೀಳುವುದಿಲ್ಲ. ಅದು ಮೋಸ ಅಲ್ಲ, ಸಂಶೋಧನೆ ಕಲಿಯುವುದೇ ಹಾಗೆ. ಆದರೆ ಪತ್ರಿಕೆಯ ಸುದ್ದಿ ಓದಿ "ನಮ್ಮ ಮಗ ಇನ್ನೂ ಏನೂ ಕಂಡುಹಿಡಿದಿಲ್ಲ" ಅಂತ ಕೊರಗುವ ಅಪ್ಪ-ಅಮ್ಮನಿಗೆ ಇದು ಗೊತ್ತಿರಲಿ.

ಸೀಟು ಹೇಗೆ ಸಿಗುತ್ತದೆ? ರಾಸ್, ಪ್ರಾಮಿಸ್, ಮ್ಯಾಥ್‌ಕ್ಯಾಂಪ್ ಮೂರರಲ್ಲೂ ಅರ್ಜಿಯ ಜೊತೆ ಕೆಲವು ಲೆಕ್ಕ ಕೊಡುತ್ತಾರೆ. ಎರಡು ಗಂಟೆಯ ಪರೀಕ್ಷೆ ಅಲ್ಲ, ಮನೆಯಲ್ಲಿ ವಾರಗಟ್ಟಲೆ ಕೂತು ಮಾಡಬೇಕು. ಯಾರನ್ನೂ ಕೇಳುವ ಹಾಗಿಲ್ಲ, ಇಂಟರ್ನೆಟ್‌ನಲ್ಲಿ ಉತ್ತರ ಹುಡುಕುವ ಹಾಗೂ ಇಲ್ಲ. ಎಲ್ಲವನ್ನೂ ಬಿಡಿಸಲೇಬೇಕು ಅಂತಿಲ್ಲ. ಓದುವವರು ಹುಡುಕುವುದು ಉತ್ತರವನ್ನಲ್ಲ, ಉತ್ತರ ಬರದಿದ್ದಾಗ ಈ ಮಗು ಏನು ಮಾಡುತ್ತದೆ ಅನ್ನುವುದನ್ನು. ಚಿಕ್ಕ ಉದಾಹರಣೆ ಮಾಡಿ ನೋಡಿತಾ? "ಇಲ್ಲಿಯವರೆಗೆ ಬಂದೆ, ಇಲ್ಲಿ ಸಿಕ್ಕಿಕೊಂಡೆ" ಅಂತ ಪ್ರಾಮಾಣಿಕವಾಗಿ ಬರೆಯಿತಾ? ಅರ್ಧ ಉತ್ತರವನ್ನು ಚೆನ್ನಾಗಿ ಬರೆದವರು ಪೂರ್ತಿ ಉತ್ತರವನ್ನು ಒಂದೇ ಸಾಲಿನಲ್ಲಿ ಬರೆದವರನ್ನು ಹಿಂದೆ ಹಾಕಬಹುದು. ಟ್ಯೂಷನ್ ಮೇಷ್ಟ್ರ ಹತ್ತಿರ ಬಿಡಿಸಿಕೊಂಡು ಕಳಿಸಿದರೆ? ಸೀಟು ಸಿಗಬಹುದು. ಆಮೇಲೆ ಆರು ವಾರ ಆ ಮೇಷ್ಟ್ರು ಜೊತೆಗಿರುವುದಿಲ್ಲ.

ದುಡ್ಡಿನ ವಿಷಯದಲ್ಲಿ ಎಚ್ಚರ ಬೇಕು. ಆರ್‌ಎಸ್‌ಐ ಹಾಗೆಯೇ ಎಂಐಟಿಯ ಮೈಟ್ಸ್ ಅನ್ನುವ ಶಿಬಿರ ಕೂಡ ಉಚಿತ, ಅದು 1975ರಿಂದ ಇದೆ. ಬೇರೆ ಒಳ್ಳೆಯ ಶಿಬಿರಗಳಿಗೆ ಸಾವಿರಾರು ಡಾಲರ್ ಶುಲ್ಕ ಇದ್ದರೂ ಕುಟುಂಬದ ಆದಾಯ ನೋಡಿ ಕಡಿಮೆ ಮಾಡುತ್ತಾರೆ, ಪೂರ್ತಿ ಬಿಡುವುದೂ ಉಂಟು. ಇವುಗಳ ಪಕ್ಕದಲ್ಲೇ ಇನ್ನೊಂದು ಸಂತೆ ಇದೆ. ದೊಡ್ಡ ವಿಶ್ವವಿದ್ಯಾಲಯದ ಹೆಸರು, ಹಸಿರು ಹುಲ್ಲಿನ ಫೋಟೋ, "ನಿಮ್ಮ ಮಗುವನ್ನು ವಿಶೇಷವಾಗಿ ಆಯ್ಕೆ ಮಾಡಲಾಗಿದೆ" ಅನ್ನುವ ಪತ್ರ. ಬಿಡಿಸಿ ನೋಡಿದರೆ ಹೊರಗಿನ ಕಂಪನಿ ಬೇಸಿಗೆಯಲ್ಲಿ ಖಾಲಿ ಇರುವ ಹಾಸ್ಟೆಲ್ ಬಾಡಿಗೆಗೆ ಹಿಡಿದಿರುತ್ತದೆ. ಅಲ್ಲೂ ಒಳ್ಳೆಯ ಪಾಠ ಇರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಆ ವಿಶ್ವವಿದ್ಯಾಲಯಕ್ಕೆ ಮುಂದೆ ಸೀಟು ಸಿಗುತ್ತದೆ ಅಂದುಕೊಂಡು ಕಟ್ಟಿದರೆ ದುಡ್ಡು ಹೋಯಿತು. ನನ್ನ ಅಳತೆಗೋಲು ಸರಳ. ಅರ್ಜಿಯಲ್ಲಿ ಮಗುವಿನ ಯೋಚನೆ ತೋರಿಸುವಂಥದ್ದು ಏನಾದರೂ ಕೇಳುತ್ತಾರಾ, ಅಥವಾ ಹೆಸರು, ಅಂಕಪಟ್ಟಿ, ಕಾರ್ಡ್ ನಂಬರ್ ಸಾಕಾ?

ಇನ್ನು, ಇಂಥ ಶಿಬಿರಗಳಿಗೆ ಹೋದವರು ಮುಂದೆ ಪ್ರೊಫೆಸರ್ ಆದರು, ಕಂಪನಿ ಕಟ್ಟಿದರು ಅಂತ ಪಟ್ಟಿ ತೋರಿಸುತ್ತಾರೆ. ಪಟ್ಟಿ ನಿಜ. ಅದರಿಂದ ಶಿಬಿರವೇ ಕಾರಣ ಅಂತ ಹೇಳಲು ಆಗುವುದಿಲ್ಲ. ಓಡಬಲ್ಲವರನ್ನೇ ಆರಿಸಿ ಕರೆದುಕೊಂಡ ಮೇಲೆ ಅವರು ಓಡಿದರು ಅಂದರೆ ಆಶ್ಚರ್ಯ ಏನು? ಹೋದವರು ಹೇಳುವ ಲಾಭ ಸಾಮಾನ್ಯವಾಗಿ ಬೇರೆಯೇ. ಊರಲ್ಲಿ ಲೆಕ್ಕದ ಹುಚ್ಚು ಇರುವವಳು ತಾನೊಬ್ಬಳೇ ಅಂದುಕೊಂಡಿದ್ದವಳಿಗೆ, ತನ್ನಂಥವರು ಒಂದು ಕಟ್ಟಡದ ತುಂಬ ಇದ್ದಾರೆ ಅಂತ ಗೊತ್ತಾಗುವುದು.

ಅದೇ ಕಟ್ಟಡದಲ್ಲಿ ಪೆಟ್ಟೂ ಬೀಳುತ್ತದೆ. ಶಾಲೆಯಲ್ಲಿ ಯಾವಾಗಲೂ ಮೊದಲಿದ್ದವನು ಇಲ್ಲಿ ಎರಡನೇ ದಿನವೇ ಹಿಂದೆ ಬೀಳುತ್ತಾನೆ. ಚಿಕ್ಕ ಕೊಳದ ದೊಡ್ಡ ಮೀನು ದೊಡ್ಡ ಕೊಳಕ್ಕೆ ಬಂದ ಕತೆ. ಹರ್ಬರ್ಟ್ ಮಾರ್ಷ್ ಅನ್ನುವ ಮನಶ್ಶಾಸ್ತ್ರಜ್ಞರು 1980ರ ದಶಕದಿಂದ ಇದನ್ನು ಅಧ್ಯಯನ ಮಾಡಿದ್ದಾರೆ. ಸುತ್ತ ಇರುವವರು ಜಾಣರಾದಷ್ಟೂ ಅದೇ ಮಗುವಿಗೆ ತನ್ನ ಬಗ್ಗೆ ಇರುವ ಅಭಿಪ್ರಾಯ ಇಳಿಯುತ್ತದೆ. ಬುದ್ಧಿ ಏನೂ ಕಡಿಮೆಯಾಗಿರುವುದಿಲ್ಲ, ಹೋಲಿಕೆ ಬದಲಾಗಿರುತ್ತದೆ ಅಷ್ಟೇ. ಅಂಕ, ರ‍್ಯಾಂಕ್ ಇಡದಿರುವುದರ ಲಾಭ ಇಲ್ಲಿ ಕಾಣುತ್ತದೆ. ಮನೆಗೆ ಫೋನ್ ಮಾಡಿ "ನನಗೆ ಏನೂ ಬರುವುದಿಲ್ಲ" ಅಂತ ಅತ್ತರೆ, ವಾಪಸ್ ಕರೆಸಿಕೊಳ್ಳುವ ಮೊದಲು ಇನ್ನೊಂದು ವಾರ ನೋಡಿ. ಅದಾದ ಮೇಲೂ ಊಟ ನಿದ್ದೆ ಬಿಟ್ಟು ಕೂತಿದ್ದರೆ ಕರೆಸಿಕೊಳ್ಳಿ. ಎಲ್ಲ ಜಾಣ ಮಕ್ಕಳಿಗೂ ಇದು ಹೊಂದಬೇಕು ಅಂತೇನಿಲ್ಲ. ಒಬ್ಬೊಬ್ಬರೇ ಕೂತು ಚೆನ್ನಾಗಿ ಕಲಿಯುವವರೂ ಇದ್ದಾರೆ.

ನಿಮ್ಮ ಮಗುವಿಗೆ ಈ ರುಚಿ ಇದೆಯಾ ಅಂತ ತಿಳಿಯಲು ಅರ್ಜಿ ಹಾಕುವವರೆಗೂ ಕಾಯಬೇಕಾಗಿಲ್ಲ. ಒಂದು ಹಾಳೆಯ ಮೇಲೆ ಇದನ್ನು ಬರೆದು ಟೇಬಲ್ ಮೇಲಿಡಿ: "4ರಿಂದ ಭಾಗಿಸಿದಾಗ ಶೇಷ 1 ಬರುವ ಪ್ರತಿ ಧನ ಸಂಖ್ಯೆಯನ್ನೂ ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು. ಸೊನ್ನೆಯ ವರ್ಗವನ್ನೂ ಬಳಸಬಹುದು." 1 ಅಂದರೆ 1+0. 5 ಅಂದರೆ 4+1. 9 ಅಂದರೆ 9+0. 13 ಅಂದರೆ 9+4. 17 ಅಂದರೆ 16+1. ಕೆಳಗೆ ಆ ಮೂರು ಸೂಚನೆ ಬರೆಯಿರಿ: ಸಾಧಿಸಿ, ತಪ್ಪೆಂದು ತೋರಿಸಿ, ಉಳಿಸಿಕೊಳ್ಳಿ. 21ರ ಸುದ್ದಿ ಮಾತ್ರ ನೀವಾಗಿ ಎತ್ತಬೇಡಿ.